ಎರಡನೇ ತಿರುವಿನ ನೀರು

ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ಗಟ್ಟಿಯಾಗಿ ಅದುಮಬೇಕು. ಆಮೇಲೆ ಸೊಂಟದೆತ್ತರದಿಂದ ಕೈಬಿಡಬೇಕು. ಉಂಡೆ ನೆಲಕ್ಕೆ ಬಿದ್ದು ಮೂರು ಚೂರಾದರೆ ಹದ ಸರಿಯಾಗಿದೆ. ಪುಡಿಪುಡಿಯಾದರೆ ನೀರು ಬೇಕು. ಒಡೆಯದೆ ಹಾಗೇ ಕುಳಿತರೆ ಅವತ್ತು ಯಾರೋ ಒಬ್ಬರು ಬೀಳುತ್ತಾರೆ. ಒಲ್ಶಾನ್ಕಾ ಊರಿನ ಸ್ಟೇಡಿಯಂನಲ್ಲಿ ಮೋಟರ್‌ಸೈಕಲ್ ಪಂದ್ಯಗಳಿಗೆ ಮೂವತ್ತೊಂದು ವರ್ಷ ಟ್ರ್ಯಾಕ್ ಸಿದ್ಧಮಾಡಿದ ಜೆನೋನ್ ಗವ್ರೋನ್‌ನಿಗೆ ಇದಕ್ಕಿಂತ ದೊಡ್ಡ ಯಂತ್ರ ಬೇಕಾಗಿರಲಿಲ್ಲ. ಕ್ಲಬ್ಬಿನವರು ಒಮ್ಮೆ ಜರ್ಮನಿಯಿಂದ ತೇವ ಅಳೆಯುವ ಉಪಕರಣ ತರಿಸಿಕೊಟ್ಟಿದ್ದರು. ಗಾಳಿಗೆ ಶೆಡ್ಡಿನ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲು ಅದು ಉಪಯೋಗಕ್ಕೆ ಬಂತು.

ಅವನ ಅಪ್ಪ ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಕಲಸುತ್ತಿದ್ದವನು. ಮಗ ಸರ್ಕಾರಿ ಬೇಸಾಯದ ಫಾರಮ್ಮಿನಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದು, ಎಪ್ಪತ್ತೆಂಟರಲ್ಲಿ ಎರಡು ವಾರದ ಮಟ್ಟಿಗೆಂದು ಸ್ಟೇಡಿಯಂಗೆ ಬಂದು ಅಲ್ಲೇ ಬೇರುಬಿಟ್ಟ. ಮಾತು ಕಡಿಮೆ. ಆಡಿದರೂ ಮಣ್ಣಿನ ವಿಷಯ. “ಇವರು ನನ್ನ ಮುಖ ಮರೆತ್ರೂ ಮರೆತಾರು, ಟ್ರ್ಯಾಕ್ ಹೇಗಿದೆ ಅಂತ ಮಾತ್ರ ಕಣ್ಣು ಮುಚ್ಕೊಂಡು ಹೇಳ್ತಾರೆ,” ಎಂದು ಹೆಂಡತಿ ಗ್ರಾಜಿನಾ ನೆರೆಹೊರೆಯವರ ಮುಂದೆ ಅಣಕಿಸುತ್ತಿದ್ದಳು. ಆ ಕೆಲಸಕ್ಕೆ ಶಹಬ್ಬಾಸ್ ಅನ್ನುವವರು ಯಾರೂ ಇಲ್ಲ. ಗೆದ್ದರೆ ಸವಾರ ಗೆದ್ದ, ಸೋತರೆ ಟ್ರ್ಯಾಕ್ ಸೋಲಿಸಿತು. ಒಬ್ಬನಿಗೆ ಕಲ್ಲಿನಂಥ ನೆಲ ಬೇಕು, ಇನ್ನೊಬ್ಬನಿಗೆ ಉತ್ತ ಹೊಲ ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ನಡುವೆ ಸಿಕ್ಕಿದವನು ಜೆನೋನ್.

ಆಟ ಸುಲಭದ್ದು. ನಾಲ್ಕು ಜನ, ನಾಲ್ಕು ಸುತ್ತು, ಬ್ರೇಕೇ ಇಲ್ಲದ ಬೈಕು. ಎಡಗಾಲಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಂಡು, ಬೈಕನ್ನು ಅಡ್ಡಡ್ಡ ಜಾರಿಸುತ್ತ ತಿರುವು ದಾಟುತ್ತಾರೆ. ಒಂದು ನಿಮಿಷದಲ್ಲಿ ಎಲ್ಲ ಮುಗಿದು, ಹರಳೆಣ್ಣೆ ಸುಟ್ಟ ವಾಸನೆಯಷ್ಟೇ ಗಾಳಿಯಲ್ಲಿ ಉಳಿಯುತ್ತದೆ. ಮೇಲೆ ಕೂತ ಜನ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, ತೊಡೆಯ ಮೇಲಿನ ಪ್ರೋಗ್ರಾಮ್ ಪುಸ್ತಕದಲ್ಲಿ ಪೆನ್ನಿನಿಂದ ಫಲಿತಾಂಶ ತುಂಬುತ್ತಾರೆ. ನಮ್ಮೂರಿನಲ್ಲಿ ಪೆನ್ನಿಲ್ಲದೆ ಪಂದ್ಯಕ್ಕೆ ಹೋದವನು ಚಮಚವಿಲ್ಲದೆ ಸೂಪಿಗೆ ಕೂತವನು. ಗೆದ್ದವನಿಗೆ ಮೂರು, ಆಮೇಲೆ ಎರಡು, ಒಂದು, ಸೊನ್ನೆ. ಬರೀ ಬಿದ್ದವನ ಹೆಸರಿನ ಮುಂದೆ ‘ಉ’. ತನ್ನ ತಪ್ಪಿನಿಂದ ಓಟ ನಿಲ್ಲುವಂತೆ ಮಾಡಿದನೆಂದು ರೆಫರಿ ಹೊರಗೆ ಹಾಕಿದವನ ಮುಂದೆ ‘ವ’. ನಮ್ಮ ರೋಮನ್ ಲಿಪಿಯಲ್ಲಿ ‘ಉ’ ಅಂದರೆ u, ಒಂದು ಬಟ್ಟಲಿನ ಆಕಾರ. ಪಕ್ಕದಲ್ಲಿ ಇನ್ನೊಂದು ಬಟ್ಟಲು ಅಂಟಿಸಿದರೆ ‘ವ’, ಅಂದರೆ w, ಆಗುತ್ತದೆ.

ಈ ಕತೆಯೆಲ್ಲ ಆ ಎರಡನೇ ಬಟ್ಟಲಿನದು.

ತೊಂಬತ್ತೊಂಬತ್ತರಲ್ಲಿ ಊರಿನ ಕಣ್ಮಣಿ ಅಂದರೆ ಕಾಯೆತಾನ್ ಸೋಬ್ಚಿಕ್, ಎಲ್ಲರ ಬಾಯಲ್ಲಿ ಕಾಯ್ತೆಕ್. ಇಪ್ಪತ್ತಮೂರು ವರ್ಷ. ತಂದೆ ಇಲ್ಲ. ತಾಯಿ ಸ್ತೆಫಾನಿಯಾ ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಮಗನ ಗವಸುಗಳನ್ನು ಆಕೆಯೇ ಹೊಲಿದುಕೊಡುತ್ತಿದ್ದಳು, ಹರಿದರೆ ಆಕೆಯೇ ತೇಪೆ ಹಾಕುತ್ತಿದ್ದಳು. ಆ ಬೇಸಿಗೆ ಅವನ ಎಡಗೈ ಹೆಬ್ಬೆರಳಿಗೆ ಹಳದಿ ಚರ್ಮದ ತೇಪೆಯಿತ್ತು. ಎಲ್ಲರೂ ಒಳಗಿನ ಅಂಚು ಹಿಡಿದು ಓಡಿಸಿದರೆ ಕಾಯ್ತೆಕ್ ಹೊರಗಿನ ಹಲಗೆ ಬೇಲಿಗೆ ಮೊಣಕೈ ಉಜ್ಜಿಕೊಂಡು ಹೋಗುತ್ತಿದ್ದ. ಅಲ್ಲಿ ಮಣ್ಣು ಸಡಿಲವಾಗಿ ತೇವವಾಗಿದ್ದರೆ ಚಕ್ರಕ್ಕೆ ಹಿಡಿತ ಸಿಗುತ್ತದೆ, ಬೈಕು ಕವಣೆಯಿಂದ ಬಿಟ್ಟಂತೆ ಮುಂದಕ್ಕೆ ನೆಗೆಯುತ್ತದೆ. ಹೊರಗಿನಿಂದ ಬಂದ ತಂಡಕ್ಕೆ ಅದರ ಗುಟ್ಟು ಗೊತ್ತಿರುವುದಿಲ್ಲ. ಎಲ್ಲ ಊರಿನವರೂ ತಮ್ಮ ತಮ್ಮ ಸವಾರರಿಗೆ ಬೇಕಾದಂತೆ ನೀರು ಹಾಯಿಸಿಕೊಳ್ಳುತ್ತಾರೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ, ‘ಮನೆ ಹದ’ ಅನ್ನುತ್ತಾರೆ.

ಪಂದ್ಯದ ಹಿಂದಿನ ದಿನ ಕಾಯ್ತೆಕ್ ಟ್ರ್ಯಾಕ್ಟರಿನ ಚಕ್ರಕ್ಕೊರಗಿ ಕೇಳಿದ್ದ. ಊರಿನವರಿಗೆ ಜೆನೋನ್ ಅಂದರೆ ಜೆನೆಕ್; ನಮ್ಮಲ್ಲಿ ಮರ್ಯಾದೆಗೆ ಗಂಡಸರ ಹೆಸರಿಗೆ ‘ಪಾನ್’, ಹೆಂಗಸರ ಹೆಸರಿಗೆ ‘ಪಾನಿ’ ಸೇರಿಸುತ್ತಾರೆ.

“ಪಾನ್ ಜೆನೆಕ್, ನಾಳೆ ಬಿಸಿಲು ಜಾಸ್ತಿ. ಕೊನೆ ಓಟಗಳ ಹೊತ್ತಿಗೆ ಬೇಲಿ ಪಕ್ಕ ಒಣಗಿ ಹೋಗುತ್ತೆ.”

“ಒಣಗಿದ್ರೆ ಒಳಗಡೆಯಿಂದ ಹೋಗು. ಎಲ್ಲರೂ ಹೋಗಲ್ವಾ?”

“ಎಲ್ಲರೂ ಹೋಗೋ ಕಡೆ ನಾನ್ಯಾಕೆ? ಎರಡನೇ ತಿರುವಲ್ಲಿ ಒಂದೇ ಒಂದು ಗುಟುಕು ನೀರು ಕುಡಿಸಿ. ಬೇಕಾದಾಗ ನಾನೇ ಸನ್ನೆ ಮಾಡ್ತೀನಿ.”

“ರೆಫರಿ ನೋಡಿದ್ರೆ?”

“ಬಾಯಾರಿಕೆ ಅಂತ ಕೈ ಮಾಡ್ತೀನಿ. ಬಾಯಾರಿದವನಿಗೆ ನೀರು ಕೊಡೋದು ಪುಣ್ಯದ ಕೆಲಸ ಅಂತ ಪಾದ್ರಿಗಳೇ ಹೇಳಿಲ್ವಾ?”

ಜೆನೋನ್ ನೀರಿನ ಗಾಡಿಯ ನಲ್ಲಿಯನ್ನು ತಿರುಗಿಸಿ ನೋಡಿದ. ಅವನು ಬೇಡ ಅನ್ನದಿದ್ದರೆ ಒಪ್ಪಿದ ಎಂದೇ ಅರ್ಥ ಎಂಬುದು ಹುಡುಗನಿಗೆ ಗೊತ್ತಿತ್ತು.

ಮರುದಿನ ಹನ್ನೆರಡನೇ ಓಟ ಮುಗಿದು ಟ್ರ್ಯಾಕ್ ಸರಿಮಾಡಲು ವಿರಾಮ ಕೊಟ್ಟಾಗ, ಸವಾರರ ಅಂಗಳದಿಂದ ಕಾಯ್ತೆಕ್ ಹೆಬ್ಬೆರಳನ್ನು ಬಾಯಿಗಿಟ್ಟು ತಲೆ ಹಿಂದಕ್ಕೆ ವಾಲಿಸಿದ. ಹಳದಿ ತೇಪೆ ಬಿಸಿಲಿಗೆ ಹೊಳೆಯಿತು. ನೀರಿನ ಗಾಡಿ ಓಡಿಸುತ್ತಿದ್ದ ಜೆನೋನ್ ಎರಡನೇ ತಿರುವಿನ ಹೊರಬದಿಯಲ್ಲಿ ನಲ್ಲಿಯನ್ನು ಕೂಡಲೇ ಮುಚ್ಚಲಿಲ್ಲ. ಎಷ್ಟು ಹೊತ್ತು? ಮೂರು ಉಸಿರು ಇರಬಹುದು, ನಾಲ್ಕಿರಬಹುದು. ಆಮೇಲೆ ಹತ್ತು ವರ್ಷ ಅವನು ಆ ಉಸಿರುಗಳನ್ನು ಎಣಿಸಿದ, ಒಮ್ಮೆಯೂ ಲೆಕ್ಕ ಹೊಂದಲಿಲ್ಲ. ಅವತ್ತು ಇಳಿದು ಒಂದು ಹಿಡಿ ಮಣ್ಣು ಅದುಮಿ ನೋಡಿದ್ದರೆ ತಿಳಿಯುತ್ತಿತ್ತು. ಇಳಿಯಲಿಲ್ಲ.

ಹದಿಮೂರನೇ ಓಟದ ಮೊದಲ ಸುತ್ತಿನಲ್ಲಿ ಕಾಯ್ತೆಕ್ ಬೇಲಿ ಪಕ್ಕದಿಂದ ಹಾರಿ ಮುಂದೆ ಬಂದ, ಸ್ಟೇಡಿಯಂ ಎದ್ದು ನಿಂತಿತು. ಎರಡನೇ ಸುತ್ತಿನಲ್ಲಿ ಅವನದೇ ಚಕ್ರ ಆ ಮೆತ್ತನೆ ಜಾಗದಲ್ಲಿ ಕೊರಕಲು ಬೀಳಿಸಿತು. ಮೂರನೇ ಸುತ್ತಿನಲ್ಲಿ ಮುಂದಿನ ಚಕ್ರ ಅದೇ ಕೊರಕಲಿಗೆ ಬಿತ್ತು. ಬೈಕು ಕುದುರೆಯ ಹಾಗೆ ಎದ್ದು, ಒಳಗಿನಿಂದ ಬರುತ್ತಿದ್ದ ಎದುರು ತಂಡದ ಹುಡುಗನ ಮೇಲೆ ಅಡ್ಡ ಬಿದ್ದು, ಇಬ್ಬರನ್ನೂ ಹಲಗೆಗೆ ಒಯ್ದು ಅಪ್ಪಳಿಸಿತು. ಆಗಿನ್ನೂ ಗಾಳಿ ತುಂಬಿದ ಬೇಲಿ ಬಂದಿರಲಿಲ್ಲ. ಆ ಹುಡುಗನ ಕಾಲು ಮುರಿದು ಮತ್ತೆ ಅವನು ಬೈಕು ಹತ್ತಲಿಲ್ಲ. ಕಾಯ್ತೆಕ್ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡ. ಅವನು ಆಂಬುಲೆನ್ಸಿನಲ್ಲಿರುವಾಗಲೇ ಧ್ವನಿವರ್ಧಕ ರೆಫರಿಯ ತೀರ್ಪು ಸಾರಿತ್ತು: ಸೋಬ್ಚಿಕ್, ಹೊರಗೆ. ಕೈಯಲ್ಲಿ ಪೆನ್ನು ಹಿಡಿದ ಎಂಟು ಸಾವಿರ ಜನ ಅಭ್ಯಾಸಬಲದಿಂದ ‘ವ’ ಬರೆದರು. ಅವರಲ್ಲಿ ತಾಯಿಯೂ ಒಬ್ಬಳು, ಏಕೆಂದರೆ ಆಗ ಮಗನಿಗೆ ಕೈಯೋ ಕಾಲೋ ಮುರಿದಿದೆ ಎಂದಷ್ಟೇ ಆಕೆ ತಿಳಿದಿದ್ದಳು.

ಮುಂದಿನ ವರ್ಷದಿಂದ ಜೂನ್ ತಿಂಗಳಲ್ಲಿ ಕಾಯ್ತೆಕ್‌ನ ಸ್ಮಾರಕ ಪಂದ್ಯ. ಡೆನ್ಮಾರ್ಕ್, ಸ್ವೀಡನ್, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಂದ ಹದಿನಾರು ಮಂದಿ ಹೆಸರಾಂತ ಸವಾರರು ಒಂದು ದಿನದ ಮಟ್ಟಿಗೆ ನಮ್ಮ ಪುಟ್ಟ ಊರಿಗೆ ಬಂದಿಳಿಯುತ್ತಾರೆ. ದೇವರ ಹಬ್ಬಕ್ಕೂ ಅಷ್ಟು ಜನ ಸೇರುವುದಿಲ್ಲ. ಅಷ್ಟೂ ತಾರೆಯರಿಗೆ, ಕಾಯ್ತೆಕ್ ಸತ್ತ ಅದೇ ಮಣ್ಣನ್ನು ಹದ ಮಾಡಿಕೊಡುವವನು ಜೆನೋನ್. ಕೊನೆಯ ಬಾರಿ ರೋಲರ್ ಹಾಯಿಸಿದ ಮೇಲೆ ಟ್ರ್ಯಾಕಿನ ಮೇಲೆ ಅಧ್ಯಕ್ಷ ಕಾಲಿಟ್ಟರೂ ಅವನು ಗದರುತ್ತಿದ್ದ. ಸ್ತೆಫಾನಿಯಾ ಒಬ್ಬಳಿಗೆ ಮಾತ್ರ ರಿಯಾಯಿತಿ. ಚರ್ಚಿಗೆ ಹಾಕುವ ಷೂ ಹಾಕಿಕೊಂಡು, ಜೆನೋನನ ತೋಳು ಹಿಡಿದು ಆಕೆ ಎರಡನೇ ತಿರುವಿನವರೆಗೂ ನಡೆದು ಬೇಲಿಯ ಬುಡದಲ್ಲಿ ದೀಪ ಹಚ್ಚಿಡುತ್ತಿದ್ದಳು. ಆಕೆಯ ಹೆಜ್ಜೆ ಗುರುತುಗಳನ್ನು ಅವನು ಟ್ರ್ಯಾಕ್ಟರಿನಿಂದ ಅಳಿಸುತ್ತಿರಲಿಲ್ಲ, ಬರಿಗೈಯಲ್ಲಿ ಸವರಿ ಮುಚ್ಚುತ್ತಿದ್ದ. ನೋಡಿದವರು ಎಂಥ ಒಳ್ಳೆಯ ಮನುಷ್ಯ ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನುಂಗಲಾರದ ತುತ್ತು ಅಂದರೆ ಅದು.

ಹತ್ತನೇ ವರ್ಷದ ಪಂದ್ಯಕ್ಕೆ ಕ್ಲಬ್ಬಿನ ಅಧ್ಯಕ್ಷ ಮಾರ್ಖೆವ್ಕಾಗೆ ಒಂದು ಉಪಾಯ ಹೊಳೆಯಿತು. ಮಾರ್ಖೆವ್ಕಾ ಅಂದರೆ ಗಜ್ಜರಿ, ಮನುಷ್ಯನ ಮುಖವೂ ಹೆಸರಿಗೆ ತಕ್ಕ ಹಾಗೇ ಕೆಂಪು. ಕಾಯ್ತೆಕ್‌ನ ಕೊನೆಯ ಪಂದ್ಯದ ಫಲಿತಾಂಶದ ಪುಟವನ್ನು ಹೊಸ ಪ್ರೋಗ್ರಾಮಿನ ನಡುವೆ ನೆನಪಿಗಾಗಿ ಮತ್ತೆ ಅಚ್ಚು ಹಾಕಿಸುವುದು ಆ ಉಪಾಯ. ಕರಡು ಪ್ರತಿಯನ್ನು ಮರ್ಯಾದೆಗೆಂದು ತಾಯಿಗೆ ಕಳಿಸಿದ. ಸೋಮವಾರ ಬೆಳಿಗ್ಗೆ ಆಕೆ ಅದನ್ನು ಹಿಡಿದುಕೊಂಡು ಜೆನೋನನ ಶೆಡ್ಡಿಗೆ ಬಂದಳು.

“ಕೂತ್ಕೋಬಹುದಾ ಪಾನ್ ಜೆನೆಕ್?”

“ಕೂತ್ಕೊಳ್ಳಿ ಪಾನಿ ಸ್ತೆಫಾನಿಯಾ. ಆ ಡಬ್ಬದ ಮೇಲೆ ಬೇಡ, ಗ್ರೀಸ್ ಇದೆ.”

“ಈ ಕೋಟಿಗೆ ಇನ್ನೇನಾಗ್ಬೇಕು ಬಿಡಿ. ಇದನ್ನ ಓದಿ.”

“ಕನ್ನಡಕ ಮನೇಲಿದೆ.”

“ನಿಮಗೆ ಕನ್ನಡಕ ಬೇಡ. ಹದಿಮೂರನೇ ಓಟ, ಎರಡನೇ ಹೆಸರು.”

ಅವನು ಓದಲಿಲ್ಲ. ಓದುವುದು ಬೇಕಿರಲಿಲ್ಲ.

“ಅಧ್ಯಕ್ಷರನ್ನ ಕೇಳ್ದೆ,” ಎಂದಳು ಆಕೆ. “ಇತಿಹಾಸ ತಿದ್ದೋಕಾಗಲ್ಲ ಪಾನಿ ಅಂತಾರೆ. ಇತಿಹಾಸವಂತೆ! ಒಂದು ಅಕ್ಷರ. ನನ್ನ ಮಗ ಆ ಅಕ್ಷರ ಹೊತ್ಕೊಂಡು ಮಣ್ಣಿಗೆ ಹೋದ. ಹತ್ತು ವರ್ಷದಿಂದ ಬ್ರೆಡ್ ಅಂಗಡೀಲಿ ನನ್ನ ಬೆನ್ನ ಹಿಂದೆ ನಿಂತೋರು, ‘ಇವಳ ಮಗನೇ ಆ ಹುಡುಗನ ಕಾಲು ಮುರಿದಿದ್ದು’ ಅಂತಾರೆ. ನಂಗೆ ಕಿವಿ ಮಂದ ಅಂದ್ಕೊಂಡಿದಾರೆ. ಈಗ ಅದನ್ನ ಅಚ್ಚು ಹಾಕಿ ಎಂಟು ಸಾವಿರ ಮನೆಗೆ ಹಂಚ್ತಾರಂತೆ.”

“ನಾನೇನು ಮಾಡ್ಲಿ ಪಾನಿ?”

“ಆ ರೆಫರಿಗೆ ಫೋನ್ ಮಾಡಿದ್ದೆ. ಇನ್ನೂ ಬದುಕಿದಾನೆ. ಟ್ರ್ಯಾಕಲ್ಲೇ ದೋಷ ಇತ್ತು ಅಂತ ಅದನ್ನ ಮಾಡ್ದೋನು ಬರ್ಕೊಟ್ರೆ, ನನ್ನ ತೀರ್ಪು ತಪ್ಪು ಅಂತ ನಾನೂ ಸಹಿ ಹಾಕ್ತೀನಿ ಅಂದ. ಆಗ ‘ಉ’ ಅಂತ ಅಚ್ಚಾಗುತ್ತೆ. ಗುರುವಾರ ಪ್ರೆಸ್ಸಿಗೆ ಹೋಗುತ್ತಂತೆ.”

“ಟ್ರ್ಯಾಕಲ್ಲಿ ದೋಷ ಇರ್ಲಿಲ್ಲ,” ಎಂದುಬಿಟ್ಟ ಜೆನೋನ್. ಹತ್ತು ವರ್ಷ ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾದ ಮಾತು, ತಾನಾಗಿಯೇ ಹೊರಗೆ ಬಂತು.

“ಇತ್ತು ಅಂತ ಬರೀರಿ ಅಂತ ನಾನೆಲ್ಲಿ ಹೇಳ್ದೆ? ಏನು ನೋಡಿದ್ರೋ ಅದನ್ನ ಬರೀರಿ. ಅವನ ಹತ್ತಿರ ಇದ್ದೋರು ನೀವೊಬ್ರೇ.”

ಆಕೆ ಹೋದ ಮೇಲೆ ಅವನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಭಯ ಒಂದು ಕಡೆ ಇತ್ತು, ಇಲ್ಲವೆನ್ನಲಾಗದು. ಮೂವತ್ತೊಂದು ವರ್ಷದ ಕೆಲಸ, ಊರಿನ ಗೌರವ, ಎಲ್ಲ ಮೂರು ಉಸಿರಿನ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಮುಳ್ಳು ಬೇರೆ ಇತ್ತು. ನೀರು ಹಾಕಿದೆನೆಂದರೆ, ಹಾಕು ಎಂದು ಕೇಳಿದವರು ಯಾರೆಂಬ ಪ್ರಶ್ನೆ ಬರುತ್ತದೆ. ಕೇಳಿದವನು ಕಾಯ್ತೆಕ್. ತಾನು ಕೇಳಿ ಪಡೆದ ಕೊರಕಲಿನಲ್ಲೇ ಬಿದ್ದು, ಏನೂ ಅರಿಯದ ಇನ್ನೊಬ್ಬ ಹುಡುಗನ ಕಾಲನ್ನೂ ಮುರಿದಿದ್ದ. ಹಾಗೆ ನೋಡಿದರೆ ರೆಫರಿ ಕಾರಣವರಿಯದೆ ಕೊಟ್ಟ ಆ ‘ವ’ ಸರಿಯಾಗಿಯೇ ಇತ್ತು. ಪೂರ್ತಿ ಸತ್ಯ ಹೇಳಿದರೆ ಅಕ್ಷರ ಅಳಿಯುವುದಿಲ್ಲ, ಇನ್ನೂ ಆಳಕ್ಕೆ ಇಳಿಯುತ್ತದೆ. ಬುಧವಾರ ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ತೆಫಾನಿಯಾಳ ಮನೆಗೆ ಹೋದ. 

ಅಡುಗೆಮನೆಯ ಮೇಜಿನ ಮೇಲೆ ಬರೆದು ತಂದ ಕಾಗದ ಇಟ್ಟು, ನಿಂತೇ ಹೇಳಿದ. ರೆಫರಿ ಅನುಮತಿ ಕೊಟ್ಟದ್ದಕ್ಕಿಂತ ಹೆಚ್ಚು ನೀರು ಹಾಕಿದ್ದು, ಹೊರಬದಿ ಕೆಸರಾದದ್ದು, ಕೊರಕಲು ಬಿದ್ದದ್ದು, ಚಕ್ರ ಅದಕ್ಕೆ ಸಿಕ್ಕಿದ್ದು. ಆಕೆ ಟೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು.

“ಯಾರು ಹೇಳಿದ್ರು ನೀರು ಹಾಕೋಕೆ?”

“ಯಾರೂ ಹೇಳ್ಲಿಲ್ಲ. ಗೆಲ್ಲಬೇಕಿತ್ತು. ನಂಗೇ ಅನ್ನಿಸ್ತು, ಹಾಕ್ದೆ.”

“ಅಧ್ಯಕ್ಷರಾ?”

“ಅಲ್ಲ. ನಾನೇ.”

“ಕಾಯ್ತೆಕ್‌ಗೆ ಗೊತ್ತಿತ್ತಾ?”

“ಇಲ್ಲ.”

ಜೀವನದಲ್ಲಿ ಅಷ್ಟು ಚಿಕ್ಕ ಸುಳ್ಳು ಅವನು ಹೇಳಿರಲಿಲ್ಲ, ಅಷ್ಟು ಭಾರದ್ದನ್ನೂ ಹೇಳಿರಲಿಲ್ಲ. ಆಕೆ ಎದ್ದು ಒಳಗಿನಿಂದ ಹಳೆಯ ಪ್ರೋಗ್ರಾಮನ್ನೂ ಹೊಲಿಗೆ ಬಿಚ್ಚುವ ಬ್ಲೇಡನ್ನೂ ತಂದಳು. ಮೇಜಿನ ಮೇಲೆ ಪುಟ ಬಿಡಿಸಿ, ತನ್ನದೇ ಕೈಬರಹದ ‘ವ’ದ ಎರಡನೇ ಬಟ್ಟಲನ್ನು ಮೆಲ್ಲಗೆ ಕೆರೆಯತೊಡಗಿದಳು. ಕಾಗದ ತೆಳುವಾಗಿ ಕೊನೆಗೆ ಅಲ್ಲೊಂದು ಸಣ್ಣ ತೂತು ಬಿತ್ತು. ಒಂದು ಬಟ್ಟಲು ಉಳಿಯಿತು.

“ಪ್ರತಿ ವರ್ಷ ನಂಗೆ ತೋಳು ಕೊಟ್ಟು ಆ ಜಾಗಕ್ಕೆ ಕರ್ಕೊಂಡು ಹೋಗ್ತಿದ್ರಿ,” ಎಂದಳು ತಲೆಯೆತ್ತದೆ. “ನೀವು.”

“ಹೌದು ಪಾನಿ.”

“ಅವನು ನಿಮ್ಮನ್ನ ನಂಬಿದ್ದ.”

“ನಂಬಿದ್ದ.”

“ಹೋಗಿ ಇನ್ನು. ನಿಮ್ಮ ಮುಖ ನಂಗೆ ಬೇಡ.”

ಗುರುವಾರ ಬೆಳಿಗ್ಗೆಯೇ ಮಾರ್ಖೆವ್ಕಾ ಕರೆಸಿದ. ಮೇಜಿನ ಮೇಲೆ ರೆಫರಿಯ ಸಹಿಯಿದ್ದ ಕಾಗದ ಫ್ಯಾಕ್ಸಿನಲ್ಲಿ ಬಂದು ಬಿದ್ದಿತ್ತು.

“ಹತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋನು ಇನ್ನು ಮೂರು ದಿನ ಹಾಕ್ಕೊಂಡಿರೋಕೆ ನಿನಗೇನಾಗಿತ್ತು ಜೆನೆಕ್? ಪ್ರಪಂಚದ ಚಾಂಪಿಯನ್ನುಗಳು ಭಾನುವಾರ ಬರ್ತಿದಾರೆ. ಕೊಲೆಗಾರ ಮಾಡಿದ ಟ್ರ್ಯಾಕ್ ಮೇಲೆ ಓಡಿಸಿ ಅಂತ ಹೇಳ್ಲಾ ಅವರಿಗೆ?”

“ಬೀಗದ ಕೈ ಎಲ್ಲಿಡ್ಲಿ?”

“ಅಲ್ಲೇ ಇಟ್ಟು ಹೋಗು.”

ಶೆಡ್ಡಿನ ಕೀಲಿಕೈ ಇಟ್ಟು ಬಂದ. ಊರ ಬಾಯಿಗೆ ಹಬ್ಬವಾಯಿತು. ತಮ್ಮ ತಂಡ ಗೆಲ್ಲಲೆಂದು ವರ್ಷಗಟ್ಟಲೆ ‘ಇನ್ನೂ ನೀರು ಹಾಕು ಜೆನೆಕ್’ ಎಂದು ಮೇಲಿನಿಂದ ಕೂಗುತ್ತಿದ್ದವರೇ ಈಗ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಸತ್ತವನ ಮೇಲೆ ಹತ್ತು ವರ್ಷ ಕೂರಿಸಿದ್ದ ಗೂಬೆಯನ್ನು ಒಂದೇ ದಿನದಲ್ಲಿ ಬದುಕಿದ್ದವನ ತಲೆಗೆ ಸಾಗಿಸಿ, ಎಲ್ಲರೂ ಕೈ ತೊಳೆದುಕೊಂಡರು. ಗ್ರಾಜಿನಾ ಮಾತ್ರ ಏನೂ ಕೇಳದೆ ಅವನ ಕೆಲಸದ ಬಟ್ಟೆಗಳನ್ನು ಒಗೆದು, ಮಡಿಸಿ ಎತ್ತಿಟ್ಟಳು.

ಭಾನುವಾರ ಅವನು ಊರ ಹೊರಗಿನ ತನ್ನ ತರಕಾರಿ ತುಂಡುನೆಲದಲ್ಲಿ ಸೌತೆ ಬಳ್ಳಿಗೆ ಕಡ್ಡಿ ಊರುತ್ತಿದ್ದ. ಅಲ್ಲಿಂದ ಸ್ಟೇಡಿಯಂ ಕಾಣುವುದಿಲ್ಲ, ಕೇಳಿಸುತ್ತದೆ. ಒಂದು ನಿಮಿಷದ ಮೌನ ಮುಗಿದು ಎಂಜಿನ್ನುಗಳು ಶುರುವಾದವು. ಮಣ್ಣು ಹದವಾಗಿದ್ದರೆ ತಿರುವಿನಲ್ಲಿ ಎಂಜಿನ್ನಿನ ದನಿ ತಗ್ಗುತ್ತದೆ, ಒಣಗಿದ್ದರೆ ಚಕ್ರ ಸುಮ್ಮನೆ ತಿರುಗಿ ಕಿರುಚುತ್ತದೆ. ಎರಡನೇ ತಿರುವಿನಲ್ಲಿ ಪ್ರತಿ ಓಟವೂ ಕಿರುಚಿತು. ಹೊಸಬ ಹೆದರಿ ಅಲ್ಲಿ ಹನಿ ನೀರೂ ಹಾಕಿಲ್ಲವೆಂದು ಜೆನೋನನಿಗೆ ತಿಳಿಯಿತು. ಯಾರೂ ಬೀಳಲಿಲ್ಲ. ಇಪ್ಪತ್ತು ಓಟ ಎಣಿಸುವವರೆಗೂ ಅವನು ಕಡ್ಡಿಗಳನ್ನು ಕೈಯಲ್ಲಿ ಹಿಡಿದೇ ನಿಂತಿದ್ದ.

ಸಂಜೆ ಆರರ ಹೊತ್ತಿಗೆ ಸ್ತೆಫಾನಿಯಾ ತಂತಿಬೇಲಿಯ ಆಚೆ ಬಂದು ನಿಂತಳು. ಚರ್ಚಿನ ಷೂ ತುಂಬ ಟ್ರ್ಯಾಕಿನ ಕೆಂಪು ಧೂಳಿತ್ತು. ಈ ಸಲ ತೋಳು ಕೊಡುವವರಿಲ್ಲದೆ ಒಬ್ಬಳೇ ನಡೆದಿದ್ದಳು. ಹೊಸ ಪ್ರೋಗ್ರಾಮನ್ನು ಬೇಲಿಯ ಕಂಬದ ಮೇಲೆ ಬಿಡಿಸಿಟ್ಟು ಬೆರಳು ತೋರಿಸಿದಳು. ಸೋಬ್ಚಿಕ್, ‘ಉ’.

“ಕ್ಷಮಿಸೋಕೆ ಬಂದಿಲ್ಲ ನಾನು.”

“ಗೊತ್ತು ಪಾನಿ.”

“ಒಂದು ಕೇಳೋದಿತ್ತು. ಹತ್ತು ವರ್ಷದಿಂದ ಕೇಳಿರ್ಲಿಲ್ಲ. ನೀವು ಒಳ್ಳೆಯೋರು ಅಂದ್ಕೊಂಡಿದ್ದಾಗ, ನನ್ನ ಸಮಾಧಾನಕ್ಕೆ ಏನೋ ಒಂದು ಹೇಳ್ಬಿಡ್ತೀರಿ ಅನ್ನಿಸ್ತಿತ್ತು. ಈಗ ನಿಮ್ಮ ಬಾಯಿಂದ ನೀವೇ ಅಷ್ಟು ಕೆಟ್ಟದ್ದು ಹೇಳಿದೀರಿ. ಇದೊಂದಕ್ಕೆ ಸುಳ್ಳು ಹೇಳಲ್ಲ ಅಂತ ಬಂದೆ.”

ಅವನು ಕಡ್ಡಿಗಳನ್ನು ನೆಲಕ್ಕಿಟ್ಟ.

“ಹನ್ನೆರಡನೇ ಓಟ ಆದ್ಮೇಲೆ ಅವನು ನಿಮ್ಮ ಕಡೆ ತಿರುಗಿ ಹೆಬ್ಬೆರಳು ಬಾಯಿಗಿಟ್ಟ. ನಾನು ಹಾಕಿದ್ದ ಹಳದಿ ತೇಪೆ, ಅಷ್ಟು ಮೇಲಿಂದಾನೂ ಕಾಣ್ತು. ಬಿಸಿಲು ಹಾಗಿತ್ತು ಅವತ್ತು. ಮಗುಗೆ ಬಾಯಾರಿದೆ ಅಂದ್ಕೊಂಡೆ. ನೀರಿನ ಬಾಟ್ಲಿ ನನ್ನ ಚೀಲದಲ್ಲೇ ಇತ್ತು. ಮೆಟ್ಟಿಲು ಇಳಿಯೋಷ್ಟರಲ್ಲಿ ಬೈಕು ಹತ್ತಿದ್ದ.” ಆಕೆ ಪ್ರೋಗ್ರಾಮಿನ ಅಂಚನ್ನು ಉಗುರಿನಿಂದ ನೀವಿದಳು. “ನೀರು ಕೊಟ್ರಾ ಅವನಿಗೆ?”

ಜೆನೋನನ ಕೈಯಲ್ಲಿ ಒಂದು ಹಿಡಿ ತೋಟದ ಮಣ್ಣಿತ್ತು. ಯಾವಾಗ ಎತ್ತಿಕೊಂಡನೋ ಅವನಿಗೇ ತಿಳಿಯದು.

“ಕೊಟ್ಟೆ,” ಎಂದ.

“ಕುಡಿದ್ನಾ?”

“ಕುಡಿದ, ಪಾನಿ. ಹೊಟ್ಟೆ ತುಂಬ ಕುಡಿದ.”

ಆಕೆ ತಲೆಯಾಡಿಸಿದಳು. ಪ್ರೋಗ್ರಾಮನ್ನು ಮಡಿಸಿ ಚೀಲದೊಳಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.